ಬೀದಿಗೆಲ್ಲ ಒಬ್ಬನೇ ಅಪ್ಪ

"ಮತ್ತೆ ನೀವೇನಾ?" ಎಂದರು ಹೆಡ್‌ಮೇಡಂ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ.

"ನಾನೇ ಮೇಡಂ. ಮಗಳನ್ನ ಸ್ಕೂಲಿಗೆ ಸೇರಿಸೋಣ ಅಂತ," ಎಂದು ಕ್ಷೌರಿಕ ಹಲ್ಲು ಕಿರಿದ. ಅಪ್ಪನೋ ಅಮ್ಮನೋ ಖುದ್ದಾಗಿ ಬಂದು ನಿಲ್ಲದೆ ಮಕ್ಕಳನ್ನು ಸೇರಿಸಿಕೊಳ್ಳುವಂತಿಲ್ಲ ಎಂಬುದು ಆ ಶಾಲೆಯ ಕಟ್ಟುನಿಟ್ಟು. ಬೀದಿಯ ಅಪ್ಪಅಮ್ಮಂದಿರೆಲ್ಲ ಇಟ್ಟಿಗೆ ಹೊರುವವರು. ಒಂದು ಬೆಳಗ್ಗೆ ತಪ್ಪಿಸಿಕೊಂಡರೆ ಸಾಕು, ಮೇಸ್ತ್ರಿ ಆ ಜಾಗಕ್ಕೆ ಬೇರೆಯವರನ್ನು ನಿಲ್ಲಿಸಿಬಿಡುತ್ತಾನೆ. ಹೀಗಾಗಿ, ಶಾಲೆಯ ಎದುರಿಗೇ ಅಂಗಡಿ ಇಟ್ಟುಕೊಂಡ ತಪ್ಪಿಗೆ ಬೀದಿಯ ಮಕ್ಕಳಿಗೆಲ್ಲ ಇವನೇ ಅಪ್ಪ. ಇವತ್ತಂತೂ ಸೇರಿಸಿಕೊಳ್ಳುವ ಕಡೇ ದಿನ. ಈಗ ಕೈಹಿಡಿದು ಕರೆತಂದ ಈ ಪುಟ್ಟಿಗೆ ಇವತ್ತು ತಪ್ಪಿದರೆ ಮುಂದಿನ ವರ್ಷವೇ.

"ಹೋದ ವಾರ ಅವಳಿ ಜವಳಿ ಕರ್ಕೊಂಡು ಬಂದಿದ್ರಿ ಅಲ್ವಾ?"

"ಹೌದು ಮೇಡಂ."

"ಅದಕ್ಕೂ ಮುಂಚೆ ಗುಂಗುರು ಕೂದಲಿನವನು?"

"ಅವನು ತಾಯಿ ಹೋಲಿಕೆ, ಮೇಡಂ."

ಮೇಡಂ ತುಟಿ ಕಚ್ಚಿಕೊಂಡು ಹುಡುಗಿಯ ಕಡೆ ಬಾಗಿದರು. "ಯಾರ ಜೊತೆ ಬಂದೆ ಪುಟ್ಟಿ?"

"ಮಾವನ ಜೊತೆ!" ದಾರಿಯುದ್ದಕ್ಕೂ 'ಅಪ್ಪ, ಅಪ್ಪ' ಎಂದು ಉರುಹೊಡೆಸಿದ್ದೆಲ್ಲ ನೀರುಪಾಲು.

ಕ್ಷೌರಿಕ ಹುಡುಗಿಯನ್ನು ತನ್ನ ಹಿಂದಕ್ಕೆ ಎಳೆದುಕೊಂಡ. "ಮುದ್ದಿಗೆ ಹಾಗಂತಾಳೆ ಮೇಡಂ..."

"ಮುದ್ದಿಗೆ! ಅಲ್ರೀ, ಕ್ಷೌರದಂಗಡಿ ಇಟ್ಕೊಂಡು ಇಷ್ಟು ಮಕ್ಕಳ ಅಪ್ಪ ಆಗಿದೀರಿ. ಒಂದರ ತಲೆಗಾದ್ರೂ ಕತ್ತರಿ ಸೋಕಿಸಬಾರದಾ?" ಎನ್ನುತ್ತಲೇ ಮೇಡಂ ಪೆನ್ನಿನ ಮುಚ್ಚಳ ತೆಗೆದರು. "ಹೋಗ್ಲಿ, ಸೇರಿಸ್ಕೊಂಡೆ. ಇವಳಮ್ಮನಿಗೆ ಹೇಳಿ, ಕೆಲಸ ಬಿಟ್ಟ ಮೇಲೆ ಸಂಜೆ ಬಂದ್ರೂ ಸಾಕು, ನಾನಿಲ್ಲೇ ಇರ್ತೀನಿ."

ಬದುಕಿದೆಯಾ ಬಡಜೀವವೇ ಎಂದುಕೊಂಡು ಕ್ಷೌರಿಕ ಎದ್ದ. ಅಷ್ಟರಲ್ಲಿ ಮೇಡಂ ಕಣ್ಣು ಕಿಟಕಿಯಾಚೆ, ರಸ್ತೆಯ ಆ ಬದಿಗೆ ಹೋಯಿತು. ಅಂಗಡಿಯೊಳಗೆ ಒಬ್ಬ ಹುಡುಗಿ ಸ್ಟೂಲ್ ಹತ್ತಿ ನಿಂತು, ನಾಲಗೆಯ ತುದಿ ಹೊರಹಾಕಿ, ಗಿರಾಕಿಯ ಕೆನ್ನೆಗೆ ಸೋಪಿನ ನೊರೆ ಹಚ್ಚುತ್ತಿದ್ದಳು.

"ಅದ್ಯಾರು?"

"ನನ್ನ ಮಗಳು ಮೇಡಂ!" ಹೆಮ್ಮೆ ತಡೆಯಲಾಗಲಿಲ್ಲ ಅವನಿಗೆ. "ನಾನು ಹಿಂಗೆ ಆ ಕಡೆ ಈ ಕಡೆ ಹೋದಾಗ ಅಂಗಡಿ ಅವಳದೇ. ಏನು ಕೈ ಚುರುಕು ಅಂತೀರಿ!"

"ಯಾವ ಸ್ಕೂಲು?"

"ಅಂಗಡಿ ನೋಡ್ಕೊಳ್ಳೋಕೆ ಒಬ್ಬರು ಬೇಕಲ್ಲ ಮೇಡಂ..." ಎಂದು ಕ್ಷೌರಿಕ ತಲೆ ಕೆರೆದುಕೊಂಡ.

ಮೇಡಂ ಪೆನ್ನಿಗೆ ಮುಚ್ಚಳ ಹಾಕಲಿಲ್ಲ. "ಕಡೇ ದಿನ ಇವತ್ತು," ಎಂದರು. "ಅವಳಿಗೆ ಅಪ್ಪ ಅಂತ ಯಾರನ್ನ ಕರ್ಕೊಂಡು ಬರ್ತೀರಿ?"