ಡಬ್ಬವೋ, ಮಾತ್ರೆಗಳೋ

"ಅಕ್ಕಾ, ಇದರಲ್ಲಿ ಸಬ್ಜೆಕ್ಟ್ ಯಾವುದು?"

ಇಸ್ತ್ರಿ ಮಾಡುತ್ತಿದ್ದ ಹಿರಿಸೊಸೆಯ ಎದುರು ಕಿರಿಸೊಸೆ ಪುಸ್ತಕ ಹಿಡಿದಳು. 'ದಿ ಬಾಕ್ಸ್ ಆಫ್ ಟ್ಯಾಬ್ಲೆಟ್ಸ್' ಎಂದು ಶುರುವಾಗಿ, ನಡುವೆ ಜಾಗ ಬಿಟ್ಟು, 'ಆನ್ ದಿ ಟೇಬಲ್' ಎಂದು ಮುಗಿಯುವ ವಾಕ್ಯ. ಬಿಟ್ಟ ಜಾಗಕ್ಕೆ 'ಈಸ್' ಬರಬೇಕೋ 'ಆರ್' ಬರಬೇಕೋ? ಇದನ್ನು ಪಾಠ ಮಾಡಿದ ದಿನ ಕಿರಿಯವಳು ಜ್ವರ ಬಂದು ಮಲಗಿದ್ದಳು.

ಹಿರಿಯವಳಿಗೆ ಉತ್ತರ ಅಂಗೈ ಮೇಲಿನ ನೆಲ್ಲಿಕಾಯಿ. ಒಳಗೆ ಎಷ್ಟೇ ಮಾತ್ರೆಗಳಿರಲಿ, ಮೇಜಿನ ಮೇಲಿರುವ ಡಬ್ಬ ಒಂದೇ; ಆದ್ದರಿಂದ 'ಈಸ್'. ಆದರೆ ಹೇಳಲು ನಾಲಿಗೆ ಏಳಲಿಲ್ಲ. ಇಂಗ್ಲಿಷ್ ತರಗತಿಗೆ ಮೊದಲು ಸೇರಿದವಳು ತಾನು. ಅತ್ತೆಗೆ ದುಂಬಾಲು ಬಿದ್ದು ಒಪ್ಪಿಸಿದವಳೂ ತಾನು. ಜೊತೆಗಿರಲಿ ಎಂದು ಬಂದ ಈ ಓರಗಿತ್ತಿ ತಿಂಗಳೊಳಗೆ ಬೋರ್ಡಿನ ಮುಂದೆ ನಿಂತು, ಸಬ್ಜೆಕ್ಟಿಗೆ ಒಂದು ಗೆರೆ, ವರ್ಬಿಗೆ ಎರಡು ಗೆರೆ ಎಳೆದು ತೋರಿಸತೊಡಗಿದ್ದಳು. ಟೀಚರ್ ಬಾಯಲ್ಲಿ ಅವಳದೇ ಜಪ. ಮನೆಯಲ್ಲೂ ಅಷ್ಟೇ, "ಚಿಕ್ಕವಳು ಚುರುಕು" ಎಂದು ಅತ್ತೆ ಅಂದಾಗಲೆಲ್ಲ ಹಿರಿಯವಳ ಹೊಟ್ಟೆಯಲ್ಲಿ ಕೆಂಡ. ಈಗ ಆಸ್ಪತ್ರೆಯ ರಿಸೆಪ್ಷನ್ ಕೆಲಸಕ್ಕೆ ಇಬ್ಬರೂ ಅರ್ಜಿ ಹಾಕಿದ್ದರು. ಇದ್ದದ್ದು ಒಂದೇ ಕುರ್ಚಿ. ಬೆಳಗಾದರೆ ಪರೀಕ್ಷೆ.

"ವರ್ಬ್ ಪಕ್ಕದಲ್ಲಿ ಇರೋದೇ ಸಬ್ಜೆಕ್ಟ್ ಕಣೇ," ಅಂದಳು, ಅಂಗಿಯ ಕಾಲರ್ ತೀಡುತ್ತ. "ಟ್ಯಾಬ್ಲೆಟ್ಸ್. ಬಹುವಚನ. ಆರ್ ಹಾಕು."

"ನನಗೇನೋ ಡಬ್ಬ ಅನ್ನಿಸಿತ್ತು."

"ಡಬ್ಬ ಯಾರಿಗೆ ಬೇಕು? ರೋಗಿ ನುಂಗೋದು ಮಾತ್ರೆ ತಾನೆ?"

ಕಿರಿಯವಳು ನಕ್ಕಳು. "ಸದ್ಯ, ನೀವಿದ್ರಿ. ಇಲ್ಲದಿದ್ರೆ ನಾಳೆ ಎಡವಿಬೀಳ್ತಿದ್ದೆ," ಎಂದು ಇಸ್ತ್ರಿಯಾದ ಬಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಮರುದಿನ ಇಬ್ಬರೂ ಅಕ್ಕಪಕ್ಕ ಕೂತು ಬರೆದರು. ಪ್ರಶ್ನೆಪತ್ರಿಕೆಯಲ್ಲಿ ಅದೇ ಬಗೆಯ ವಾಕ್ಯವಿತ್ತು. ಮಾತ್ರೆ ಡಬ್ಬದ ಬದಲು ಬೀಗದ ಕೈಗೊಂಚಲು, ಅಷ್ಟೇ. ಹಿರಿಯವಳು ತಲೆ ಎತ್ತದೆ 'ಈಸ್' ಎಂದು ಬರೆದು, ಪತ್ರಿಕೆ ಒಪ್ಪಿಸಿ, ಹೊರಗಿನ ಬೆಂಚಿನಲ್ಲಿ ಕೂತಳು. ಉಳಿದವರೆಲ್ಲ ಹೊರಬಂದರೂ ಕಿರಿಯವಳ ಸುಳಿವಿಲ್ಲ. ಕೊನೆಗೆ ಬಂದಳು, ಮುಖವೆಲ್ಲ ಬೆವರು.

"ಯಾಕೆ ಇಷ್ಟು ಹೊತ್ತು?"

"ಬೈಬೇಡಿ ಅಕ್ಕ. ನನ್ನದು ಒಪ್ಪಿಸೋವಾಗ ನಿಮ್ಮ ಪೇಪರ್ ಕಣ್ಣಿಗೆ ಬಿತ್ತು. ಗಾಬರೀಲಿ ಈಸ್ ಅಂತ ಬರೆದುಬಿಟ್ಟಿದ್ರಿ. ನನಗೆ ಜೀವ ತಡೀಲಿಲ್ಲ. ಪರೀಕ್ಷೆ ನಡೆಸ್ತಿದ್ದ ಮೇಡಂ ಹತ್ರ ಹೋಗಿ, 'ನಮ್ಮಕ್ಕನಿಗೆ ಸರಿ ಉತ್ತರ ಗೊತ್ತು, ಆರ್ ಹಾಕು ಅಂತ ನಿನ್ನೆ ನನಗೆ ಹೇಳಿಕೊಟ್ಟಿದ್ದೇ ಅವರು, ಅದೊಂದಕ್ಕೆ ಮಾರ್ಕ್ ಕಳೀಬೇಡಿ' ಅಂತ ಕೇಳಿಕೊಂಡೆ."

ಹಿರಿಯವಳು ಮುಚ್ಚಿದ ಬಾಗಿಲತ್ತ ನೋಡಿದಳು. "ಅದಕ್ಕೆ ಅವರೇನಂದ್ರು?"

"ನಮ್ಮಿಬ್ಬರ ಪೇಪರ್ ಜೋಡಿಸಿಟ್ಟುಕೊಂಡು ನೋಡ್ತಾ ಕೂತ್ರು."

ಬಾಗಿಲು ತೆರೆಯಿತು. ಹೊಸ್ತಿಲಲ್ಲಿ ನಿಂತ ಮೇಡಂ ಕನ್ನಡಕದ ಮೇಲಿಂದ ಇಬ್ಬರನ್ನೂ ನೋಡಿದರು.

"ನಿಮ್ಮಲ್ಲಿ ಅಕ್ಕ ಯಾರು?"

ಹಿರಿಯವಳು ಅಲುಗಲಿಲ್ಲ. ಕಿರಿಯವಳೇ ಅವಳ ಕೈ ಹಿಡಿದು ಮೇಲೆತ್ತಿದಳು.