ತಮ್ಮನ ಧ್ವನಿ

ತಮ್ಮ ಶ್ರೀಪತಿ ಆಸ್ಪತ್ರೆಯಲ್ಲಿ ತೀರಿಕೊಂಡನೆಂದು ತಿಳಿದ ದಿನ, ಗೋಡೆ ಹಿಡಿದುಕೊಂಡು ನಡುಮನೆಗೆ ಬಂದೆ. ಗಂಟಲ ಕ್ಯಾನ್ಸರ್ ಎಂಬ ಮಾತು ನನ್ನ ಕಿವಿಗೆ ಬಿದ್ದದ್ದು ಅಂದೇ. ಅದುವರೆಗೆ ಬರೀ ಕಫವೆಂದು ನಂಬಿ, "ಕಾಗೆಯ ಹಾಗೆ ಕೂಗಬೇಡವೋ, ಜ್ಯೇಷ್ಠಮಧು ಅಗಿ" ಎಂದು ಅವನನ್ನು ಛೇಡಿಸುತ್ತಿದ್ದೆ.

"ವರ್ಷದಿಂದ ಸ್ವರ ಒಡೆದಿತ್ತಲ್ಲಮ್ಮಾ, ಡಾಕ್ಟರಿಗೆ ತೋರಿಸಬಾರದಿತ್ತೇ?" ಎಂದು ಅವನ ಹೆಂಡತಿಯನ್ನು ಕೇಳಿದೆ.

"ಮೊದಲೇ ತೋರಿಸಿದ್ವಿ, ಭಾವ. ಧ್ವನಿಪೆಟ್ಟಿಗೆ ತೆಗೆದರೆ ಉಳೀತಾರೆ ಅಂದ್ರು. ಇವರೇ ಒಪ್ಪಲಿಲ್ಲ."

"ಮೊಂಡ! ಜೀವಕ್ಕಿಂತ ಮಾತು ಹೆಚ್ಚಾಯಿತೇ ಅವನಿಗೆ?"

ಅವಳು ಹೇಳಿದಳು: "ಅಣ್ಣನಿಗೆ ಕಣ್ಣು ಕಾಣಲ್ಲ, ದಿನಾ ಭಾಗವತ ಓದಿ ಹೇಳೋರು ಯಾರು ಅಂದ್ರು, ಭಾವ."

ಕೃಷ್ಣಾ, ನನ್ನ ತಮ್ಮನ ಆತ್ಮಕ್ಕೆ ಶಾಂತಿ ಕೊಡು.