ಬಾನೆಟ್ ಮೇಲಿನ ಕುಂಕುಮ

ಮೇಣದ ಪಾಲಿಶಿನ ವಾಸನೆ ಬಂದರೆ ಈಗಲೂ ನನಗೆ ನಾವು ಆಗ ಇದ್ದ ಸಯನ್ ಬಡಾವಣೆಯ ಆ ಆಯುಧಪೂಜೆಯ ಮಧ್ಯಾಹ್ನ ನೆನಪಾಗುತ್ತದೆ.

ಅಪ್ಪ ಒಬ್ಬ ಸೇಠರ ಕಾರಿನ ಡ್ರೈವರ್. ಹಿಂದಿನ ವರ್ಷದ ಪೂಜೆಗೆ ಅಮ್ಮ ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಬಿಳಿ ಬಾನೆಟ್ಟಿನ ಮೇಲೆ ಮೂರು ಬೆರಳಲ್ಲಿ ಎಳೆದಿದ್ದಳು. ಬಿಸಿಲಿಗೆ ಅದು ಬಣ್ಣದೊಳಗೇ ಇಳಿದಿತ್ತು. ಮಳೆಗಾಲದ ಜ್ವರದಲ್ಲಿ ಅಮ್ಮ ತೀರಿಕೊಂಡಳು. ಈ ಸಲದ ಪೂಜೆಗೆ ಮೊದಲು ಹಳೇ ಕಲೆ ಹೋಗಬೇಕೆಂದು ಸೇಠರು ಹೇಳಿದ್ದರು.

ಅಪ್ಪ ಸೀಮೆಎಣ್ಣೆ ಹಚ್ಚಿ, ಪಾಲಿಶ್ ಹಾಕಿ ತಿಕ್ಕಿದ. ನಡುಬೆರಳಿನ ಗೆರೆ ಎಲ್ಲಕ್ಕಿಂತ ಕೊನೆಗೆ ಹೋಯಿತು. ಆಮೇಲೆ ದಪ್ಪಗೆ ಮೇಣ ಬಳಿದು, "ಈ ಸಲ ನೀನು ಹಚ್ಚು ಮಗಾ. ಮೇಣ ಉಂಟಲ್ಲ, ಕಲೆ ಕೂರುದಿಲ್ಲ" ಎಂದ.

ನಾನು ಕುಂಕುಮವನ್ನು ಮೂರು ಬೆರಳಲ್ಲಿ ಎಳೆದೆ. ಪೂಜೆ ಮುಗಿದ ಮೇಲೆ ಅಪ್ಪ ಬಟ್ಟೆಯಿಂದ ಒಮ್ಮೆ ಒರೆಸಿದ. ಏನೂ ಉಳಿಯಲಿಲ್ಲ.

ಅವನು ಒರೆಸುತ್ತಲೇ ಇದ್ದ.